ನಮ್ಮ ಸರದಿಗೆ ಬಂದ 88ನೇ ಕೀರ್ತನೆ

ಬೈಬಲಿನ ಹಾಡು-ಪ್ರಾರ್ಥನೆಗಳ ಪುಸ್ತಕವಾದ ಕೀರ್ತನೆಗಳನ್ನು ಮೊದಲಿನಿಂದ ಸಾಲಾಗಿ ಓದೋಣ ಅಂತ ನಮ್ಮ ಬೈಬಲ್ ಸ್ಟಡಿ ಕೂಟದಲ್ಲಿ ಮಾತು ಬಂದಾಗ ನನಗೆ ಅಷ್ಟೇನೂ ಉತ್ಸಾಹ ಇರಲಿಲ್ಲ. ಒಟ್ಟು 150 ಇವೆ. ಎರಡೇ ವಚನದ (ವಚನ ಅಂದರೆ ಸಂಖ್ಯೆ ಹಾಕಿದ ಒಂದೊಂದು ಸಾಲು) 117 ಅದರಲ್ಲೇ ಇದೆ, 176 ವಚನದ 119 ಕೂಡ ಅದರಲ್ಲೇ ಇದೆ. ಬೇಕಾದ್ದನ್ನು ಆರಿಸಿಕೊಂಡು ಓದಿದರೆ ಸಾಲದಾ ಅಂತ ಕೆಲವರು ಕೇಳಿದರು. 23 ಓದೋಣ, 91 ಓದೋಣ, 103 ಓದೋಣ, 121ಕ್ಕೆ ಮುಗಿಸೋಣ. ಕೂಟ ನಡೆಸುವ ಅಕ್ಕ ಒಪ್ಪಲಿಲ್ಲ. "ಅವನ್ನೆಲ್ಲ ನೀವು ಮನೇಲೇ ಓದ್ತೀರಿ. ಮನೇಲಿ ಓದದೇ ಬಿಟ್ಟಿರೋದನ್ನ ಓದೋಕೆ ಇಲ್ಲಿ ಬನ್ನಿ" ಅಂದರು.

ನಮ್ಮ ಪದ್ಧತಿ ಸರಳ. ಸುತ್ತ ಕೂರುತ್ತೇವೆ. ಒಬ್ಬೊಬ್ಬರು ಒಂದೊಂದು ವಚನ ಗಟ್ಟಿಯಾಗಿ ಓದುತ್ತಾ ಹೋಗಬೇಕು. ಯಾರ ಪಾಲಿಗೆ ಯಾವ ವಚನ ಬರುತ್ತದೆ ಅನ್ನೋದು ಕೂತ ಜಾಗದ ಮೇಲೆ ಹೋಗುತ್ತದೆ. ಸಂತೋಷದಲ್ಲಿ ಬಂದವರಿಗೆ, ರಾತ್ರಿಯೆಲ್ಲಾ ಅತ್ತು ಹಾಸಿಗೆ ತೋಯಿಸಿದೆ ಅನ್ನುವ ಸಾಲು ಬರಬಹುದು. ಮನಸ್ಸು ಸರಿ ಇಲ್ಲದವರಿಗೆ ಕೈ ತಟ್ಟಿ ಜಯಘೋಷ ಮಾಡಿ ಅನ್ನೋದು ಬರಬಹುದು. ಮೊದಮೊದಲು ಇದು ಮುಜುಗರ. "ಇದು ನನಗೆ ಅನ್ವಯಿಸಲ್ಲ, ಬ್ರದರ್ ನೀವು ಓದಿ" ಅಂತ ಪಕ್ಕದವರಿಗೆ ತಳ್ಳಿದವರೂ ಇದ್ದಾರೆ. ಅಕ್ಕ ಅದಕ್ಕೂ ಬಿಡಲಿಲ್ಲ.

ಹೀಗೆ ಓದುವಾಗ ಒಬ್ಬನೇ ಓದುವಾಗ ಕಾಣದ ಸಣ್ಣ ಸಣ್ಣ ವಿಷಯಗಳು ಕಾಣುತ್ತವೆ. 13ನೇ ಕೀರ್ತನೆ ಬರೀ ಆರು ವಚನ. ಮೊದಲ ಎರಡರಲ್ಲೇ ಹಾಡುವವನು ದೇವರನ್ನು "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ, ಆರನೆಯದಕ್ಕೆ ಬರುವಷ್ಟರಲ್ಲಿ ಹಾಡುತ್ತಿರುತ್ತಾನೆ. ನಾಲ್ಕು ಜನರ ಬಾಯಿ ದಾಟುವಷ್ಟರಲ್ಲಿ ಇಷ್ಟು ಬದಲಾವಣೆ! ಅಷ್ಟು ಬೇಗ ಹೇಗೆ ಸಮಾಧಾನ ಆಯ್ತು ಅಂತ ಅವತ್ತು ಒಳ್ಳೇ ಚರ್ಚೆ ಆಯಿತು. 14 ಮತ್ತು 53 ಹೆಚ್ಚುಕಮ್ಮಿ ಒಂದೇ. ಅದು ಗೊತ್ತಾಗಿದ್ದು, "ಇದನ್ನ ಆಗಲೇ ಓದಿದೀವಲ್ಲ" ಅಂತ ಒಬ್ಬರು ಗೊಣಗಿದಾಗ.

ನನಗೆ ತುಂಬಾ ಇಷ್ಟವಾಗಿದ್ದು ಕೋರಹೀಯರ ವಿಷಯ. 42, 44ರಿಂದ 49ರವರೆಗೆ, ಆಮೇಲೆ 84, 85, 87, 88ರ ತಲೆಬರಹಗಳಲ್ಲಿ ಇವರ ಹೆಸರಿದೆ. ಸುಮ್ನೆ ಹೆಸರು ಅಂತ ದಾಟಿಬಿಡುತ್ತಿದ್ದೆ. ಅಕ್ಕ ಬೈಬಲಿನ ಅರಣ್ಯಕಾಂಡ ಅನ್ನುವ ಪುಸ್ತಕದ 16ನೇ ಅಧ್ಯಾಯ ತೆಗೆಸಿದರು. ಇಸ್ರಾಯೇಲ್ಯರ ನಾಯಕ ಮೋಶೆಯ ವಿರುದ್ಧ ದಂಗೆ ಎದ್ದ ಕೋರಹನನ್ನು ಭೂಮಿ ಬಾಯ್ತೆರೆದು ನುಂಗಿದ ಕಥೆ. ಹತ್ತು ಅಧ್ಯಾಯ ದಾಟಿದರೆ ಒಂದು ಪುಟ್ಟ ವಚನ: ಕೋರಹನ ಮಕ್ಕಳು ಸಾಯಲಿಲ್ಲ. ಆ ವಂಶದವರು ದೇವದರ್ಶನದ ಗುಡಾರಕ್ಕೆ ಬಾಗಿಲು ಕಾಯುವವರಾದರು ಅಂತ ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದಲ್ಲಿದೆ. ಇಷ್ಟು ತಿಳಿದ ಮೇಲೆ 84ಕ್ಕೆ ಬಂದೆವು. ದುಷ್ಟರ ಬಿಡಾರದಲ್ಲಿ ಇರೋದಕ್ಕಿಂತ ನನ್ನ ದೇವರ ಮನೆಯ ಹೊಸ್ತಿಲಲ್ಲಿ ನಿಂತಿರೋದೇ ಮೇಲು ಅನ್ನುತ್ತದಲ್ಲ, ಅದು ಈ ಬಾಗಿಲು ಕಾಯುವವರ ಹಾಡು. ಬಿಡಾರದ ಸಮೇತ ನೆಲದೊಳಗೆ ಹೋದವನ ಸಂತತಿಯವರು ಹಾಡಿದ್ದು! ಆ ವಚನವನ್ನು ಕ್ಯಾಲೆಂಡರ್ ಮೇಲೆ ಎಷ್ಟೋ ಸಲ ನೋಡಿದ್ದೆ. ಕ್ಯಾಲೆಂಡರಿನವರು ಕೋರಹನನ್ನು ಬಿಟ್ಟಿರುತ್ತಾರೆ.

ಅದೇ ಕೋರಹೀಯರ ಕೊನೆಯ ಹಾಡು 88. ತಲೆಬರಹದಲ್ಲಿ ಹೇಮಾನ ಅನ್ನುವವನ ಹೆಸರೂ ಇದೆ. ಅವತ್ತು ಬಂದವರು ಒಂಬತ್ತು ಜನ, ಕೀರ್ತನೆಗೆ 18 ವಚನ. ಸರಿಯಾಗಿ ಎರಡು ಸುತ್ತು. ಅಕ್ಕ ಮೊದಲ ವಚನ ಓದಿದರು: ನನ್ನನ್ನು ರಕ್ಷಿಸುವ ದೇವರೇ, ಹಗಲೂ ರಾತ್ರಿಯೂ ನಿನಗೆ ಮೊರೆಯಿಡುತ್ತೇನೆ. ಇಡೀ ಕೀರ್ತನೆಯಲ್ಲಿ ಸ್ವಲ್ಪ ಬೆಳಕಿರುವ ಸಾಲು ಅದೊಂದೇ ಅಂತ ಆಗ ಯಾರಿಗೂ ಗೊತ್ತಿಲ್ಲ. ಎರಡನೆಯದು ನಾನು. ಮೂರನೆಯದರಿಂದ ಇಳಿಯುತ್ತಾ ಹೋಯಿತು. ಪ್ರಾಣ ಪಾತಾಳದ ಹತ್ತಿರ ಬಂದಿದೆ, ಸತ್ತವರ ಲೆಕ್ಕಕ್ಕೆ ಸೇರಿದ್ದೇನೆ, ನೀನೇ ನನ್ನನ್ನು ಗುಂಡಿಗೆ ಹಾಕಿದ್ದೀಯ. ಎಂಟನೆಯದು ಯಾವಾಗಲೂ ಬಾಗಿಲ ಹತ್ತಿರ ಕೂರುವ ಅಂಕಲ್ ಪಾಲಿಗೆ ಬಂತು: ಆಪ್ತರನ್ನು ನನ್ನಿಂದ ದೂರ ಮಾಡಿದ್ದೀ, ನಾನು ಒಳಗೆ ಸಿಕ್ಕಿಬಿದ್ದಿದ್ದೇನೆ, ಹೊರಗೆ ಬರಲಾರೆ. ಅವರ ಹೆಂಡತಿ ಹಾಸಿಗೆ ಹಿಡಿದು ವರ್ಷಗಳಾಗಿವೆ. ಯಾರೋ ಒಬ್ಬರು ಮನೆಯಲ್ಲಿ ಕೂತರೆ ಮಾತ್ರ ಅವರು ಕೂಟಕ್ಕೆ ಬರುವುದು. ಕನ್ನಡಕ ಸರಿಮಾಡಿಕೊಂಡು, ಬೆರಳನ್ನು ಸಾಲಿನ ಕೆಳಗಿಟ್ಟು, ತಡವರಿಸದೆ ಓದಿದರು. ಓದಿದ ಮೇಲೂ ಬೆರಳು ತೆಗೆಯಲಿಲ್ಲ.

ಎರಡನೇ ಸುತ್ತಿನ ಕೊನೆಗೆ 18ನೇ ವಚನ ಓದಿದ್ದು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗ. ಗೆಳೆಯರೂ ಇಲ್ಲ, ಬಳಗವೂ ಇಲ್ಲ, ಕತ್ತಲೆ. ಅಷ್ಟಕ್ಕೇ ನಿಂತುಹೋಯಿತು. ಅವನು ಹಾಳೆ ತಿರುವಿ ನೋಡಿದ. ಮತ್ತೆ ಹಿಂದಕ್ಕೆ ಬಂದ.

"ಇಷ್ಟೇನಾ?"

"ಇಷ್ಟೇ" ಅಂದರು ಅಕ್ಕ.

"ಇದು ಹೀಗೆ ಮುಗಿಯೋ ಹಾಗಿಲ್ಲ ಅಕ್ಕ. 'ಆದರೂ ನಿನ್ನನ್ನು ಸ್ತುತಿಸುವೆನು' ಅಂತ ಏನಾದರೂ ಬರಬೇಕಲ್ವಾ?"

ಅವನು ಹೇಳಿದ್ದರಲ್ಲಿ ಅರ್ಥ ಇದೆ. ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅಳಲಿನವೇ. ಆದರೆ ಬಹುಪಾಲು 13ರ ಹಾಗೆ ಎಲ್ಲೋ ಒಂದು ಕಡೆ ತಿರುಗುತ್ತವೆ. ಯೇಸು ಶಿಲುಬೆಯ ಮೇಲೆ ಕೂಗಿದ ಮಾತಿನಿಂದಲೇ ಶುರುವಾಗುವ 22 ಕೂಡ ಸ್ತುತಿಗೆ ಬಂದು ನಿಲ್ಲುತ್ತದೆ. 88 ತಿರುಗುವುದೇ ಇಲ್ಲ. ಮೂರು ಸಲ ಕೂಗುತ್ತಾನೆ, ಒಂದರಲ್ಲಿ, ಒಂಬತ್ತರಲ್ಲಿ, ಹದಿಮೂರರಲ್ಲಿ. ಮೂರಕ್ಕೂ ಉತ್ತರ ಇಲ್ಲ.

ಈ ಕತ್ತಲೆಯಲ್ಲಿ ಮುಗಿಸಿ ಎದ್ದು ಹೋಗೋದು ಯಾರಿಗೂ ಬೇಕಿರಲಿಲ್ಲ. ಪಕ್ಕದ ಪುಟದಲ್ಲೇ 89 ಇತ್ತು. ಕರ್ತನ ಕೃಪೆಯನ್ನು ಸದಾ ಹಾಡುತ್ತೇನೆ ಅಂತಲೇ ಆರಂಭ. "ನೋಡಿ, ಉತ್ತರ ಇಲ್ಲಿದೆ. ಇದನ್ನೂ ಓದಿ ಪ್ರಾರ್ಥನೆ ಮಾಡಿ ಮುಗಿಸೋಣ" ಅಂದರು ಒಬ್ಬರು. ಎಲ್ಲರೂ ಹೂಂ ಅಂದೆವು. ಅದು 52 ವಚನದ ಕೀರ್ತನೆ ಅನ್ನೋದೂ ಯಾರಿಗೂ ಭಾರ ಅನ್ನಿಸಲಿಲ್ಲ. ಅಕ್ಕ ಮುಗುಳ್ನಕ್ಕು, "ಪೂರ್ತಿ ಓದ್ತೀರಾ? ಹಾಗಾದ್ರೆ ಸರಿ" ಅಂದರು.

ಓದು ಚೆನ್ನಾಗೇ ಹೊರಟಿತು. ಸಮುದ್ರದ ಅಬ್ಬರ ಅಡಗಿಸುವ ದೇವರು, ರಾಜ ದಾವೀದನಿಗೆ ಕೊಟ್ಟ ಮಾತು, ಅವನ ಸಿಂಹಾಸನ ಸೂರ್ಯ ಚಂದ್ರರಂತೆ ಇರುತ್ತದೆ ಅನ್ನುವ ಭರವಸೆ. ಎಲ್ಲರ ದನಿಯೂ ಏರಿತ್ತು. 37ನೆಯದು ಅಕ್ಕನ ಪಾಲಿಗೆ ಬಂತು. ಅದರ ಕೊನೆಗೆ "ಸೆಲಾ" ಇದೆ, ಕೀರ್ತನೆಗಳಲ್ಲಿ ಅಲ್ಲಲ್ಲಿ ಬರುವ, ಅರ್ಥ ಖಚಿತವಾಗಿ ಗೊತ್ತಿಲ್ಲದ ಒಂದು ಪದ. ನಮ್ಮಲ್ಲಿ ಕೆಲವರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಕೆಲವರು ನುಂಗುತ್ತಾರೆ. ಅಕ್ಕ ಮಾತ್ರ ಅಲ್ಲಿ ನಿಲ್ಲುತ್ತಾರೆ. ನಿಂತರು. ಅವರ ಪಕ್ಕದಲ್ಲಿ ಕೂತಿದ್ದ ನನ್ನದು 38. ಓದಲು ಬಾಯಿ ತೆರೆದೆ: ಆದರೆ ನೀನು ಅವನನ್ನು ತಳ್ಳಿಬಿಟ್ಟಿದ್ದೀ.

ಅಲ್ಲಿಂದ ಮುಂದೆ ಒಂದೊಂದು ವಚನವೂ ಅಷ್ಟೇ. ಒಪ್ಪಂದ ಮುರಿದೆ, ಕಿರೀಟ ನೆಲಕ್ಕೆ ಎಸೆದೆ, ಗೋಡೆಗಳನ್ನು ಕೆಡವಿದೆ. ಕ್ರಿ.ಪೂ. 586ರಲ್ಲಿ ಬಾಬೆಲಿನವರು ಯೆರೂಸಲೇಮನ್ನು ಕೆಡವಿ, ದಾವೀದನ ಮನೆತನದ ಆಳ್ವಿಕೆ ಮುಗಿದ ಕಾಲದ ಕೂಗು ಇದು ಅಂತ ಬಹಳ ಜನ ಓದುತ್ತಾರೆ. ಮೊದಲ ವಚನದಲ್ಲಿ ಯಾವ ಕೃಪೆಯನ್ನು ಹಾಡುತ್ತೇನೆ ಅಂದಿದ್ದನೋ, 49ರಲ್ಲಿ ಅದೇ ಕೃಪೆ ಈಗ ಎಲ್ಲಿ ಅಂತ ಕೇಳುತ್ತಾನೆ. 52ಕ್ಕೆ ಬಂದಾಗ ಏನೂ ಆಗಿಲ್ಲವೆಂಬಂತೆ ಕರ್ತನಿಗೆ ಸ್ತೋತ್ರ, ಆಮೆನ್, ಆಮೆನ್. ಹುಡುಗನಿಗೆ ನಗು ತಡೆಯಲಾಗಲಿಲ್ಲ. "ಬಾವಿಯಿಂದ ತಪ್ಪಿಸ್ಕೊಂಡು ಕೆರೆಗೆ ಬಿದ್ವಿ ಅಕ್ಕ" ಅಂದ. ಎಲ್ಲರೂ ನಕ್ಕೆವು. ಅಂಕಲ್ ಕೂಡ.

ಆ ಆಮೆನ್ ಇಡೀ ಕೀರ್ತನೆಗೆ ಸಮಾಧಾನದ ಮುಕ್ತಾಯ ಅಲ್ಲ ಅಂತ ಆಮೇಲೆ ಅಕ್ಕ ವಿವರಿಸಿದರು. ಕೀರ್ತನೆಗಳು ಐದು ಪುಸ್ತಕಗಳಾಗಿ ಹಂಚಿಕೊಂಡಿವೆ. ಒಂದೊಂದು ಪುಸ್ತಕದ ಕೊನೆಗೂ ಇಂಥ ಸ್ತೋತ್ರ ಇದೆ, 41, 72, 89, 106ರಲ್ಲಿ. ಐದನೆಯದಕ್ಕೆ 150 ಪೂರ್ತಿ ಸ್ತೋತ್ರವೇ. ಅಂದರೆ ಮೂರನೇ ಪುಸ್ತಕವನ್ನು ಜೋಡಿಸಿದವರು ಇದ್ದಬದ್ದ ಹಾಡುಗಳಲ್ಲಿ ಅತಿ ಕತ್ತಲೆಯದನ್ನೂ, ಮುರಿದ ಒಪ್ಪಂದದ್ದನ್ನೂ ಜೊತೆಗಿಟ್ಟು, ಅದರ ಮೇಲೆ ಆಮೆನ್ ಬರೆದು ಮುಗಿಸಿದ್ದಾರೆ. ಧೈರ್ಯದ ಕೆಲಸ ಅನ್ನಿಸಿತು ನನಗೆ. ಆ ಹೊತ್ತಿನಲ್ಲಿ ನಮಗೆ ಒಂದು ಸಂಜೆ ಕೂಡ ಹಾಗೆ ಮುಗಿಸೋಕೆ ಆಗುತ್ತಿರಲಿಲ್ಲ.

ಮಾತಿನ ಸರದಿ ಬಂದಾಗ ಅಂಕಲ್ ಹೇಳಿದ್ದು ಹೀಗೆ. "ನನಗೆ 88 ಚಿಕ್ಕದಾಯ್ತು ಅನ್ನಿಸ್ತು. ನಾನು ಮನೆ ವಿಷಯ ಎರಡು ಮಾತು ಹೇಳೋಷ್ಟರಲ್ಲಿ ನೀವು ಯಾರಾದ್ರೂ ರೋಮಾಪುರ 8:28 ಹೇಳ್ತೀರಿ. ಎಲ್ಲವೂ ಒಳ್ಳೇದಕ್ಕೇ ಅಂತ. ಇವನಿಗೆ ನೋಡಿ, 18 ವಚನ ಹೇಳೋವರೆಗೂ ಯಾರೂ ಮಧ್ಯ ಬಾಯಿ ಹಾಕಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಆದರೂ ಕೆಲವರು ತಲೆ ತಗ್ಗಿಸಿದರು. ಒಬ್ಬ ಸಿಸ್ಟರ್, "ಅಂಕಲ್, ನಾವು ಧೈರ್ಯ ಬರಲಿ ಅಂತ..." ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು. ಮಧ್ಯ ಬಾಯಿ ಹಾಕುತ್ತಿದ್ದೇನೆ ಅಂತ ಅವರಿಗೇ ಹೊಳೆದಿರಬೇಕು.

ಕೀರ್ತನೆಗಳನ್ನು ಜೊತೆಯಾಗಿ ಓದೋದರಿಂದ ಏನು ಜಾಸ್ತಿ ಸಿಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳೋದು. ಒಬ್ಬನೇ ಇದ್ದಾಗ ನನ್ನ ಅವತ್ತಿನ ಮನಸ್ಸಿಗೆ ಹೊಂದುವುದನ್ನು ತೆಗೆಯುತ್ತೇನೆ. ಹಾಗೆ ನೋಡಿದರೆ 88ಕ್ಕೆ ನಾನು ಹೋಗುತ್ತಲೇ ಇರಲಿಲ್ಲ, ಅವತ್ತು ನನಗೆ ಯಾವ ಕಷ್ಟವೂ ಇರಲಿಲ್ಲ. ಸುತ್ತ ಕೂತು ಓದುವಾಗ ಇನ್ನೊಬ್ಬರ ಕತ್ತಲೆಗೆ ನಾನು "ನಾನು" ಅಂತ ಬಾಯಿ ಕೊಡಬೇಕಾಗುತ್ತದೆ. ಅಂಕಲ್ ಎಂಟನೇ ವಚನ ಓದಿದರು, ಸರಿ. ಉಳಿದ ಹದಿನೇಳನ್ನು ಓದಿದವರಲ್ಲಿ ನಾವೂ ಇದ್ದೆವಲ್ಲ.

ಅವತ್ತು ಪ್ರಾರ್ಥನೆಗೆ ಅಕ್ಕ ಹೊಸ ಮಾತು ಯಾರಿಂದಲೂ ಕೇಳಲಿಲ್ಲ. ಅಂಕಲ್‌ಗೆ ಹೇಳೋದಿದ್ದರೆ ಹೇಳಲಿ ಅಂದರು. ಅವರು ಹೇಳಿದರು. ರಾತ್ರಿ ಎಷ್ಟು ಸಲ ಹೆಂಡತಿಯ ಮಗ್ಗುಲು ಬದಲಿಸಬೇಕು, ಮೊದಲೆಲ್ಲ ಬರುತ್ತಿದ್ದವರು ಈಗ ಹೇಗೆ ಫೋನ್ ಕೂಡ ಮಾಡುವುದಿಲ್ಲ, ಕೆಲವು ಸಲ ತನಗೆ ಎಷ್ಟು ಸಿಟ್ಟು ಬರುತ್ತದೆ. ಸುಮಾರು ಹೊತ್ತಾಯಿತು. ಯಾರೂ ವಚನ ಹೇಳಲಿಲ್ಲ. ಮುಗಿದ ಮೇಲೆ ಅವರಿಗಾಗಿ 88ನ್ನೇ ಮತ್ತೊಮ್ಮೆ, ಈ ಸಲ ಎಲ್ಲರೂ ಒಟ್ಟಿಗೆ ಓದಿದೆವು. ಮನೆಯಲ್ಲಿ ಕೂರೋಕೆ ಜನ ಬೇಕು ಅನ್ನೋದು ಅವರ ಮಾತಿನಲ್ಲೇ ಗೊತ್ತಾಗಿತ್ತು. ಮುಂದಿನ ವಾರದಿಂದ ಇಬ್ಬರು ಹೆಂಗಸರು ಸರದಿ ಹಂಚಿಕೊಂಡರು. ವಚನ ಹೇಳಿ ಮುಗಿಸಿದ್ದರೆ ಆ ವಿವರ ಹೊರಗೇ ಬರುತ್ತಿರಲಿಲ್ಲ ಅನ್ನಿಸುತ್ತದೆ.

ಹುಡುಗನಿಗೆ ಮಾತ್ರ ಇನ್ನೂ ಸಮಾಧಾನ ಆಗಿಲ್ಲ. 88 ಹಾಗೇ ಮುಗಿಯಬಾರದಿತ್ತು ಅನ್ನೋದು ಅವನ ವಾದ. ಈಗ ಮುಂದಿನದನ್ನೆಲ್ಲ ಮೊದಲೇ ತಿರುವಿ ನೋಡಿಕೊಂಡು ಬರುತ್ತಾನೆ. 137ರ ಕೊನೆಯ ವಚನ, ಬಾಬೆಲಿನವರ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅನ್ನುವುದು, ತನ್ನ ಪಾಲಿಗೆ ಬಂದರೆ ಓದುವುದಿಲ್ಲ ಅಂತ ಈಗಲೇ ಹೇಳಿಬಿಟ್ಟಿದ್ದಾನೆ. ಅದು ಒಂಬತ್ತನೇ ವಚನ. ಹೋದ ವಾರದಿಂದ ಅವನು ಕೂರುವ ಜಾಗ ಬದಲಾಯಿಸಿದ್ದಾನೆ.