ಪಾಪ ಹತ್ತದ ಚಿನ್ನ ಎಲ್ಲಿ ಸಿಗತದ?

ಮದುವೆ ಸೀಸನ್ ಶುರುವಾಯಿತೆಂದರೆ ನನಗೆ ಎರಡು ಥರದ ಫೋನ್ ಬರುತ್ತವೆ. ಒಂದು, "ರೇಟ್ ಇನ್ನೂ ಇಳೀತದೇನು?" ಅದು ಗೊತ್ತಿದ್ದರೆ ನಾನು ದಿನಾ ಬೆಳಿಗ್ಗೆ ಡೊಂಬಿವ್ಲಿಯಿಂದ ಲೋಕಲ್ ಟ್ರೇನಿನ ಬಾಗಿಲಿಗೆ ನೇತಾಡಿಕೊಂಡು ಬರುತ್ತಿರಲಿಲ್ಲ. ಇನ್ನೊಂದು ಪ್ರಶ್ನೆ ಈಚಿನ ವರ್ಷಗಳದ್ದು. ಕೇಳುವವರು ಯಾವುದೋ ವಿಡಿಯೋ ನೋಡಿರುತ್ತಾರೆ. ಕೆಸರಿನ ಗುಂಡಿ, ಸೊಂಟದ ಮಟ ನೀರಲ್ಲಿ ನಿಂತ ಹುಡುಗ, ಚಹಾದ ಬಣ್ಣಕ್ಕೆ ತಿರುಗಿದ ಹೊಳೆ. ಹೋದ ತಿಂಗಳು ಪುಣೆಯಿಂದ ನನ್ನ ಅಕ್ಕನ ಮಗಳು ಕೇಳಿದಳು: "ಮಾಮಾ, ಪಾಪ ಹತ್ತದ ಚಿನ್ನ ಎಲ್ಲಿ ಸಿಗತದ? ಇಂಥಾ ಸಣ್ಣ ಗಣಿ ಎಲ್ಲಾ ಬಂದ್ ಮಾಡಿಬಿಟ್ರ ಆಗೂದಿಲ್ಲೇನು?"

ಮಾತುಂಗಾದಲ್ಲಿ ಕನ್ನಡದವರ ಕಾರ್ಯಕ್ರಮಕ್ಕೆ ಹೋದರೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮುಂಬಯಿಯ ಚಿನ್ನದ ಪೇಟೆ ಝವೇರಿ ಬಜಾರಿನಲ್ಲಿ ಟಂಚ್ ಕೆಲಸದವನು. ಯಾರೋ ಬಂಗಾರ ತಂದು ಕೊಡುತ್ತಾರೆ, ಅದರಲ್ಲಿ ನೂರಕ್ಕೆ ಎಷ್ಟು ಪಾಲು ಚಿನ್ನ ಎಂದು ಚೀಟಿ ಬರೆದುಕೊಡುತ್ತೇನೆ. ಅಪ್ಪ ಒರೆಗಲ್ಲಿನ ಮೇಲೆ ಗೆರೆ ಎಳೆದು, ತೇಜಾಬಿನ, ಅಂದರೆ ಆಸಿಡ್ಡಿನ ಹನಿ ಬಿಟ್ಟು, ಕಣ್ಣಳತೆಯಲ್ಲೇ ಹೇಳುತ್ತಿದ್ದ. ನನ್ನ ಮುಂದೆ ಮಷೀನ್ ಇದೆ, ಒಂದು ನಿಮಿಷದಲ್ಲಿ ಅಂಕಿ ತೋರಿಸುತ್ತದೆ. ನಾವು ಗದಗಿನ ಕಡೆಯ ಪತ್ತಾರರು. ಅಜ್ಜಿಯ ತವರು ಡೋಣಿ, ಕಪ್ಪತಗುಡ್ಡದ ಬುಡಕ್ಕೆ. ಮಳೆ ನಿಂತ ಮೇಲೆ ಗುಡ್ಡದಿಂದ ಇಳಿದ ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ಹಾಕಿ ತೊಳೆಯುವ ಜಲಗಾರರು ಅಲ್ಲಿ ಹಿಂದೆ ಇದ್ದರಂತೆ. ದಿನವಿಡೀ ತೊಳೆದರೆ ಗುಲಗಂಜಿಯ ಕಾಲು ಭಾಗ. ಬ್ರಿಟಿಷರ ಕಾಲದ ವರದಿಗಳಲ್ಲೂ ಡೋಣಿ, ಸೊರಟೂರಿನ ಈ ಜಲಗಾರರ ಪ್ರಸ್ತಾಪ ಇದೆ. ಈಗ ಜಲಗಾರ ಅಂದರೆ ಜನಕ್ಕೆ ಗೊತ್ತಿರುವುದು ಬೀದಿ ಗುಡಿಸುವವನು ಎಂಬ ಅರ್ಥ ಮಾತ್ರ.

ಮುಂಬಯಿಯಲ್ಲಿ ಆ ಎರಡೂ ಅರ್ಥ ಒಬ್ಬನಲ್ಲೇ ಸಿಗುತ್ತವೆ. ಅಂಗಡಿಗಳ ಶಟರ್ ಇಳಿದ ಮೇಲೆ, ಇಲ್ಲವೇ ಬೆಳಕು ಹರಿಯುವ ಮುಂಚೆ ಝವೇರಿ ಬಜಾರಿಗೆ ಬನ್ನಿ. ಕೈಯಲ್ಲಿ ಬ್ರಶ್ಶು, ಪಕ್ಕದಲ್ಲಿ ಘಮೇಲಾ, ಅಂದರೆ ಕಬ್ಬಿಣದ ಬುಟ್ಟಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತು ಕಲ್ಲಿನ ಸಂದು ಕೆದಕುವವರು ಕಾಣುತ್ತಾರೆ. ಘಮೇಲಾವಾಲಾಗಳು. ಮೇಲಿನ ಮಹಡಿಗಳಲ್ಲಿ ಬಂಗಾಳದ ಕಾರಿಗರರು ಅರ ಹಾಕುವಾಗ ಹಾರಿದ ಪುಡಿ ಅವರ ಬಟ್ಟೆಗೆ, ತಲೆಗೂದಲಿಗೆ, ಚಪ್ಪಲಿಗೆ ಅಂಟಿಕೊಂಡು ಬೀದಿಗೆ ಬರುತ್ತದೆ, ಸ್ನಾನದ ನೀರಲ್ಲಿ ಗಟಾರಕ್ಕೂ ಇಳಿಯುತ್ತದೆ. ಜಾಣ ಮಾಲೀಕರು ಕೈತೊಳೆದ ನೀರನ್ನೂ ಡ್ರಮ್ಮಿನಲ್ಲಿ ಹಿಡಿದಿಡುತ್ತಾರೆ, ಹಳೆ ಚಾಪೆಯನ್ನೂ ಸುಟ್ಟು ಬೂದಿ ಮಾರುತ್ತಾರೆ. ಅಷ್ಟಾಗಿಯೂ ತಪ್ಪಿಸಿಕೊಂಡದ್ದು ಘಮೇಲಾದವರ ಪಾಲು.

ಗುಡಿಸಿದ್ದನ್ನು ತೊಳೆದು ತೊಳೆದು ಕಪ್ಪು ಮರಳು ಮಾತ್ರ ಉಳಿದಾಗ ಪಾದರಸ ಬಿಡುತ್ತಾರೆ. ಬರಿಗೈಯಲ್ಲಿ ಹಿಟ್ಟು ನಾದಿದ ಹಾಗೆ ನಾದಬೇಕು. ಕಣ್ಣಿಗೆ ಕಾಣದ ಚಿನ್ನದ ಕಣವನ್ನೆಲ್ಲ ಪಾದರಸ ನುಂಗಿಕೊಳ್ಳುತ್ತದೆ. ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಬೂದುಬಣ್ಣದ ಒಂದು ಸಣ್ಣ ಉಂಡೆ. ಅದಕ್ಕೆ ಬೆಂಕಿ ಕೊಟ್ಟರೆ ಪಾದರಸ ಹೊಗೆಯಾಗಿ ಹೋಗಿ ಬಂಗಾರ ಉಳಿಯುತ್ತದೆ. ಹೊಗೆ ಎಲ್ಲಿಗೆ ಹೋಯಿತು ಅಂದರೆ, ಮೊದಲು ಎದುರಿಗೆ ಕೂತವನ ಎದೆಗೆ.

ನಿಮ್ಮ ವಿಡಿಯೋದ ಹುಡುಗ ಮಾಡುವುದೂ ಇದನ್ನೇ. ಘಾನಾ, ಪೆರು, ಇಂಡೋನೇಷ್ಯಾ, ಎಲ್ಲ ಕಡೆ ಇದೇ ಉಂಡೆ, ಇದೇ ಬೆಂಕಿ. ಕೈಯಿಂದ ಅಗೆದು ಖನಿಜ ತೆಗೆಯುವವರು ಜಗತ್ತಿನಲ್ಲಿ 4 ಕೋಟಿಗೂ ಮೇಲೆ ಇದ್ದಾರೆ. ಹೊಸದಾಗಿ ಅಗೆದ ಚಿನ್ನದಲ್ಲಿ ಸುಮಾರು ಐದನೇ ಒಂದು ಪಾಲು ಅವರದು. 2015ರಲ್ಲಿ ಮನುಷ್ಯರ ಕೆಲಸಗಳಿಂದ ಗಾಳಿಗೆ ಸೇರಿದ ಪಾದರಸದಲ್ಲಿ ಶೇ. 38ರಷ್ಟು ಇಂಥ ಚಿನ್ನದ ಗುಂಡಿಗಳಿಂದ ಬಂದದ್ದು ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗದ ಲೆಕ್ಕ ಹೇಳುತ್ತದೆ. 800 ಟನ್‌ಗೂ ಹೆಚ್ಚು. ಕಲ್ಲಿದ್ದಲು ಸುಡುವ ಕಾರ್ಖಾನೆಗಳೂ ಅಷ್ಟು ಬಿಡುವುದಿಲ್ಲ.

ಹಾಗಾದರೆ ಬಂದ್ ಮಾಡಬಾರದೇಕೆ? ಘಾನಾ ಮಾಡಿ ನೋಡಿತು. 2017ರಲ್ಲಿ ಸಣ್ಣ ಗಣಿಗಾರಿಕೆಯನ್ನು ಪೂರ್ತಿ ನಿಲ್ಲಿಸಿ ಪೊಲೀಸರನ್ನೂ ಸೈನ್ಯವನ್ನೂ ಇಳಿಸಿದರು. ಲೈಸೆನ್ಸ್ ಇದ್ದವರೂ ಮನೆಯಲ್ಲಿ ಕೂತರು, ಇಲ್ಲದವರು ಕಾಡಿನ ಇನ್ನೂ ಒಳಕ್ಕೆ ಹೋದರು. 2018ರ ಕೊನೆಗೆ ನಿಷೇಧ ತೆಗೆಯಬೇಕಾಯಿತು. ಅಲ್ಲಿನ ಪ್ರಾ ನದಿ ಇವತ್ತಿಗೂ ಕೆಂಪಗೆ ಹರಿಯುತ್ತಿದೆ. ಹೊಟ್ಟೆಪಾಡಿಗೆ ಅಗೆಯುವವನನ್ನು ಓಡಿಸಿದರೆ ಅವನು ರಾತ್ರಿ ಅಗೆಯುತ್ತಾನೆ. ರಾತ್ರಿಯ ಗುಂಡಿಗೆ ಆಸರೆಯ ಮರ ಇರುವುದಿಲ್ಲ, ಕುಸಿದರೆ ಹೇಳುವವರೂ ಇರುವುದಿಲ್ಲ.

ದೊಡ್ಡ ಗಣಿ ಆದರೆ ಶುದ್ಧ ಎಂದು ತಿಳಿದವರಿಗೆ ನಾನು ಹೇಳುವುದು ಒಂದೇ: ಕೋಲಾರಕ್ಕೆ ಹೋಗಿ ಬನ್ನಿ. ಕೆಜಿಎಫ್ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಸಯನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳು ಊರ ಪಕ್ಕ ಹಾಗೇ ಇವೆ, ಗಾಳಿ ಎದ್ದರೆ ಧೂಳು ಮನೆಯೊಳಗೆ.

ಈಗ ನನ್ನ ಕೌಂಟರಿಗೆ ಬರೋಣ. ನಾನು ಹೇಳಬೇಕೆಂದಿರುವುದು ಅಲ್ಲೇ ಇದೆ.

ಒಬ್ಬ ಚಾಚಾ ಇದ್ದಾನೆ, ಅರವತ್ತು ದಾಟಿದ ಘಮೇಲಾವಾಲಾ. ಮೊದಲ ಸಲ ಬಂದಾಗ ಬೀಡಿ ಕಾಗದದಲ್ಲಿ ಸುತ್ತಿದ ಗುಂಡು ತಂದಿದ್ದ, ಮೂರು ಗ್ರಾಂ ಹತ್ತಿರ. ಎರಡು ವಾರದ ದುಡಿಮೆ. ಒಳಗಲ್ಲಿಯ ವ್ಯಾಪಾರಿಯೊಬ್ಬ ಉಗುರಿನಿಂದ ಕೆರೆದು ನೋಡಿ "68 ಟಂಚ್" ಅಂದಿದ್ದನಂತೆ. ಚಾಚಾನಿಗೆ ಯಾಕೋ ಅನುಮಾನ. ಮಷೀನಿನಲ್ಲಿಟ್ಟೆ, 79 ಬಂತು. ಇನ್ನೊಮ್ಮೆ ತಿರುಗಿಸಿಟ್ಟೆ, ಮತ್ತೆ 79. ಚೀಟಿ ಹಿಡಿದು ಚಾಚಾ ಸುಮ್ಮನೆ ನಿಂತ. ಹನ್ನೊಂದು ಟಂಚ್ ಅಂದರೆ ಮೂರು ಗ್ರಾಂ ಗುಂಡಿನಲ್ಲಿ ಗ್ರಾಂನ ಮೂರನೇ ಒಂದು ಭಾಗ ಶುದ್ಧ ಚಿನ್ನ. ವರ್ಷಕ್ಕೆ ಇಂಥ ಎಷ್ಟು ಗುಂಡು ಎಂದು ಅವನು ಲೆಕ್ಕ ಹಾಕುತ್ತಿದ್ದ ಅನಿಸುತ್ತದೆ.

"ಹಾಗಿದ್ದರೆ ಬೇರೆಯವನಿಗೆ ಮಾರು" ಅಂದೆ. ಆಗದು. ಪಾದರಸ, ತೇಜಾಬು ಉದ್ದರಿ ಕೊಡುವವನೂ ಅದೇ ವ್ಯಾಪಾರಿ. ಹೋದ ಮಳೆಗಾಲದಲ್ಲಿ ಆಸ್ಪತ್ರೆಗೆ ದುಡ್ಡು ಕೊಟ್ಟವನೂ ಅವನೇ.

ಜಗತ್ತಿನ ಯಾವ ಚಿನ್ನದ ಗುಂಡಿಯ ಕಥೆ ಕೇಳಿದರೂ ಹೀಗೊಬ್ಬ ಇರುತ್ತಾನೆ. ಪಾದರಸ, ಅಕ್ಕಿ, ಡೀಸೆಲ್ ಸಾಲ ಕೊಟ್ಟು ಚಿನ್ನವನ್ನು ತನ್ನ ತಕ್ಕಡಿಯಲ್ಲೇ ತೂಗಿಸಿಕೊಳ್ಳುವವನು. ಕಾಂಗೋದ ಇಟೂರಿ ಕಡೆ ಬೆಂಕಿಕಡ್ಡಿ, ಹಳೆಯ ನಾಣ್ಯಗಳೇ ತೂಕದ ಬಟ್ಟು. ದೊಡ್ಡ ಲೆಕ್ಕಕ್ಕೆ ಅಲ್ಲಿನವರು ಬಳಸುವ ಪದ "ತೊಲ". ನಮ್ಮ ತೊಲವೇ, ಆಫ್ರಿಕಾಕ್ಕೆ ವಲಸೆ ಹೋದ ನಮ್ಮ ವ್ಯಾಪಾರಿಗಳ ಜತೆ ಹೋದದ್ದು. ಅದನ್ನು ಓದಿದಾಗ ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯಲಿಲ್ಲ.

ಹೀಗಾಗಿ ಸಣ್ಣ ಗಣಿ ಸುಧಾರಿಸಬೇಕೆಂದರೆ ನಾನು ಗುಂಡಿಯಿಂದ ಶುರು ಮಾಡುವುದಿಲ್ಲ, ತಕ್ಕಡಿಯಿಂದ ಶುರು ಮಾಡುತ್ತೇನೆ. ಮೊದಲ ಮಾರಾಟದಲ್ಲಿ ತೂಕ, ಟಂಚ್, ಆ ದಿನದ ದರ, ಈ ಮೂರು ಅಗೆದವನಿಗೆ ಕಾಣಬೇಕು. ತಾಂಜಾನಿಯಾ 2019ರಲ್ಲಿ ಗೇಟಾ ಮೊದಲಾದ ಗಣಿ ಊರುಗಳಲ್ಲಿ ಸರ್ಕಾರಿ ಖನಿಜ ಮಾರುಕಟ್ಟೆ ತೆರೆಯಿತು. ಅದೇ ವರ್ಷ ಸಣ್ಣ ಗಣಿಗಾರರ ಮೇಲಿನ ಶೇ. 18ರ ವ್ಯಾಟ್ ಮತ್ತು ಮಾರಾಟದ ದುಡ್ಡಿನಲ್ಲೇ ಹಿಡಿದುಕೊಳ್ಳುತ್ತಿದ್ದ ಶೇ. 5ರ ತೆರಿಗೆ ಎರಡನ್ನೂ ತೆಗೆದು ಹಾಕಿತು. ಕಳ್ಳದಾರಿಯಲ್ಲಿ ಗಡಿ ದಾಟುತ್ತಿದ್ದ ಚಿನ್ನ ಮುಂಬಾಗಿಲಿಂದ ಬರತೊಡಗಿತು. ಎಲ್ಲ ಸರಿಹೋಯಿತೆಂದಲ್ಲ, ಅಲ್ಲಿ ಪಾದರಸ ಇನ್ನೂ ಇದೆ. ಆದರೆ ಒಬ್ಬನ ಹೆಸರು ಪುಸ್ತಕದಲ್ಲಿ ಬಂದರೆ ತಾನೇ ಅವನಿಗೆ ಬ್ಯಾಂಕು ಸಾಲ, ಹೆಲ್ಮೆಟ್ಟು, ಗುಂಡಿ ಕುಸಿದರೆ ಪರಿಹಾರ ಎಂದು ಮಾತಾಡಲು ಬರುವುದು?

ಪಾದರಸದ ವಿಷಯದಲ್ಲಿ ನಾನೂ ಒಂದು ಪ್ರಯತ್ನ ಮಾಡಿ ಸೋತಿದ್ದೇನೆ. ರಿಟಾರ್ಟ್ ಅಂತ ಒಂದು ಮುಚ್ಚಿದ ಪಾತ್ರೆ ಬರುತ್ತದೆ. ಉಂಡೆಯನ್ನು ಅದರಲ್ಲಿಟ್ಟು ಕಾಯಿಸಿದರೆ ಪಾದರಸದ ಆವಿ ಕೊಳವೆಯಲ್ಲಿ ತಣ್ಣಗಾಗಿ ವಾಪಸ್ ಸಿಗುತ್ತದೆ. ಹೊಗೆ ತಪ್ಪುತ್ತದೆ, ಪಾದರಸದ ದುಡ್ಡೂ ಉಳಿಯುತ್ತದೆ. ಒಂದನ್ನು ಮಾಡಿಸಿ ಚಾಚಾನಿಗೆ ಕೊಟ್ಟೆ. ಎರಡೇ ದಿನಕ್ಕೆ ತಂದಿಟ್ಟ. "ಒಳಗೆ ಏನಾಗ್ತಿದೆ ಕಾಣೋದಿಲ್ಲ ಸೇಠ್. ಡಬ್ಬಿ ಚಿನ್ನ ತಿಂದರೆ?" ನಗು ಬಂತು, ಆಮೇಲೆ ಯೋಚಿಸಿದೆ. ಜೀವನವಿಡೀ ಮುಚ್ಚಿದ ಕೈಯವರಿಂದ ಮೋಸ ಹೋದವನು ಮುಚ್ಚಿದ ಡಬ್ಬಿಯನ್ನು ಹೇಗೆ ನಂಬುತ್ತಾನೆ? ಗಣಿ ಊರುಗಳಲ್ಲಿ ರಿಟಾರ್ಟ್ ಹಂಚಿದವರೂ ಇದೇ ಮಾತು ಕೇಳಿದ್ದಾರೆ ಎಂದು ಆಮೇಲೆ ಓದಿದೆ.

ಪಾದರಸವೇ ಬೇಡದ ದಾರಿಯೂ ಇದೆ. ಅದು ನಮ್ಮ ಪತ್ತಾರಿಕೆಯ ಡಬ್ಬಿಯಲ್ಲೇ ಇತ್ತು ಎಂಬುದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಫಿಲಿಪ್ಪೀನ್ಸಿನ ಬೆಂಗೆಟ್ ಗುಡ್ಡಗಳ ಸಣ್ಣ ಗಣಿಗಾರರು ಎಷ್ಟೋ ವರ್ಷಗಳಿಂದ ಬಿಳಿಗಾರ ಬಳಸುತ್ತಾರೆ. ಬೆಸುಗೆಗೆ ಅಜ್ಜ ಚಿಟಿಕೆ ಉದುರಿಸುತ್ತಿದ್ದ ಅದೇ ಬಿಳಿಗಾರ, ಬೋರಾಕ್ಸು. ಚೆನ್ನಾಗಿ ತೊಳೆದ ಕಪ್ಪು ಮರಳಿಗೆ ಬೆರೆಸಿ ಕಾಯಿಸಿದರೆ ಕಶ್ಮಲವೆಲ್ಲ ಗಾಜಿನ ಹಾಗೆ ಕರಗಿ ಮೇಲೆ ನಿಲ್ಲುತ್ತದೆ, ಚಿನ್ನ ತಳಕ್ಕೆ ಇಳಿಯುತ್ತದೆ. ಡೆನ್ಮಾರ್ಕಿನ ಭೂವಿಜ್ಞಾನಿ ಪೀಟರ್ ಆಪೆಲ್ ಇದನ್ನು ಬೇರೆ ದೇಶಗಳಿಗೂ ಒಯ್ದರು. ಆದರೆ ಮೊದಲು ಮರಳನ್ನು ನಿಗಾ ಇಟ್ಟು ತೊಳೆಯಬೇಕು, ಅದಕ್ಕೆ ಕೈಚಳಕ ಬೇಕು, ಸಮಯ ಬೇಕು. ಸಂಜೆಗೆ ಸಾಲದವನು ಬಾಗಿಲಲ್ಲಿ ಕೂತಿದ್ದರೆ ಸಮಯ ಎಲ್ಲಿಂದ ತರುವುದು? ಮತ್ತೆ ಅದೇ ತಕ್ಕಡಿಗೆ ಬಂದು ನಿಂತೆ ನೋಡಿ.

ಅವಸರ ಮತ್ತು ಅಜ್ಞಾನ ಎರಡೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ನೈಜೀರಿಯಾದ ಝಮ್‌ಫಾರಾ ಇದೆ. ಅಲ್ಲಿನ ಅದಿರಿನಲ್ಲಿ ಸೀಸವೂ ಇತ್ತು. ಜನ ಅದನ್ನು ಮನೆಯಂಗಳಕ್ಕೆ ತಂದು ಹಿಟ್ಟಿನ ಗಿರಣಿಯಲ್ಲಿ ಬೀಸಿದರು. 2010ರಲ್ಲಿ ಆ ಸೀಸದ ವಿಷಕ್ಕೆ 400ಕ್ಕೂ ಹೆಚ್ಚು ಮಕ್ಕಳು ಸತ್ತರು. ಆಮೇಲೆ ಬೀಸುವ ಜಾಗವನ್ನು ಊರಾಚೆ ಒಯ್ದು, ಧೂಳೇಳದಂತೆ ಒದ್ದೆ ಬೀಸುವುದನ್ನು ಕಲಿಸಿದರು. ಗಣಿ ನಿಲ್ಲಲಿಲ್ಲ, ಜಾಗ ಬದಲಾಯಿತು. ಇಷ್ಟು ಸಣ್ಣ ಕೆಲಸ.

ಅಕ್ಕನ ಮಗಳು ಇಷ್ಟೆಲ್ಲ ಕೇಳಿ, "ಅದಿರ್ಲಿ ಮಾಮಾ, ನಾ ಏನ್ ತಗೊಳ್ಳಲಿ?" ಅಂದಳು.

ಹಾಲ್‌ಮಾರ್ಕ್ ನೋಡಿ ತಗೋ, ಆದರೆ ಅದು ಹೇಳುವುದು ಚಿನ್ನ ಎಷ್ಟು ಶುದ್ಧ ಅಂತ, ಎಲ್ಲಿಂದ ಬಂತು ಅಂತಲ್ಲ. 2021ರಿಂದ ಕೊಡುವ ಆ ಆರು ಅಕ್ಷರ-ಅಂಕಿಗಳ ಗುರುತು ಒಡವೆಯ ಜಾತಕ, ಗುಂಡಿಯದಲ್ಲ. ಸಣ್ಣ ಗಣಿಗಾರರಿಂದ ನ್ಯಾಯದ ಬೆಲೆಗೆ ಕೊಂಡದ್ದೆಂದು ಪ್ರಮಾಣಪತ್ರ ಇರುವ ಫೇರ್‌ಟ್ರೇಡ್ ಚಿನ್ನ ಅಂತ ಹೊರದೇಶಗಳಲ್ಲಿ ಸಿಗುತ್ತದೆ. ಅದರಲ್ಲಿ ಬೆಲೆಯ ಮೇಲೆ ಕಿಲೋಗೆ 2000 ಡಾಲರ್ ಗಣಿಗಾರರ ಸಂಘಕ್ಕೆ ಹೋಗುತ್ತದೆ. ಗ್ರಾಂಗೆ 2 ಡಾಲರ್ ಆಯಿತು. 20 ಗ್ರಾಂ ಸರಕ್ಕೆ 40. ಅದೇ ಸರಕ್ಕೆ ನೀವು ಚೌಕಾಸಿ ಮಾಡದೆ ಕೊಡುವ ಮಜೂರಿ ಇದರ ಎಷ್ಟು ಪಟ್ಟು ಅಂತ ಬಿಲ್ ತೆಗೆದು ನೋಡಿ. ಆದರೆ ನಮ್ಮ ಬಜಾರಿನಲ್ಲಿ ಅಂಥದ್ದು ಕೇಳಿದರೆ ಮುಖ ನೋಡಿ ಚಹಾ ತರಿಸುತ್ತಾರೆ, ಅಷ್ಟೇ. ಕೇಳುವವರು ಹತ್ತು ಜನ ಆದರೆ ಹನ್ನೊಂದನೆಯವರಿಗೆ ಉತ್ತರ ಸಿಕ್ಕೀತು.

ಮನೆಯ ಹಳೆ ಚಿನ್ನ ಕರಗಿಸುವುದು ಒಳ್ಳೆಯದೇ, ಹೊಸ ಗುಂಡಿ ತೋಡಿಸಿದ ಹಾಗಾಗುವುದಿಲ್ಲ. ಆದರೆ ಅದರಿಂದ ಕೆಸರಲ್ಲಿ ನಿಂತ ಹುಡುಗನಿಗೆ ಒಂದು ಪೈಸೆ ಹೋಗುವುದಿಲ್ಲ ಎಂಬುದನ್ನೂ ಅವಳಿಗೆ ಹೇಳಿದೆ. ಇನ್ನು ಅಂಗಡಿಯವರು ತಾವಾಗಿ "ಇದು ಹಳೆ ಚಿನ್ನದಿಂದ ಮಾಡಿದ್ದು" ಅಂದರೆ ನಾನು ನಂಬುವುದಿಲ್ಲ. ಕರಗಿದ ಮೇಲೆ ಯಾವ ಚಿನ್ನಕ್ಕೂ ಊರಿನ ಹೆಸರು ಇರುವುದಿಲ್ಲ, ಕಳ್ಳಮಾಲನ್ನು ಹಳೆ ಮಾಲು ಮಾಡುವುದು ನಮ್ಮ ಗಲ್ಲಿಗಳಿಗೆ ಹೊಸತೂ ಅಲ್ಲ.

ಅವಳು ಅಜ್ಜಿಯ ಬೋರಮಾಳ ತಂದಳು. ಕರಗಿಸಿದೆವು. ಹಳೆ ಕಾಲದ ಬೆಸುಗೆ, ಒಳಗಿನ ಅರಗು ಎಲ್ಲ ಹೋಗಿ ತೂಕ ಇಳಿಯಿತು, ಅವಳ ಮುಖವೂ ಸ್ವಲ್ಪ ಇಳಿಯಿತು. ಮೂರನೇ ಮಹಡಿಯ ಕಾರಿಗರ ಅದರಲ್ಲಿ ಅವಳಿಗೆ ಬೇಕಾದ ಸಣ್ಣ ಸರ ಮಾಡಿದ. ನಾವು ಎದುರಿಗೆ ಕೂತೇ ಇದ್ದೆವು. ಅರ ಹಾಕುವಾಗ ಪುಡಿ ಅವನ ತೊಡೆಯ ಮೇಲೆ, ಚಾಪೆಯ ಮೇಲೆ, ಅವಳ ದುಪಟ್ಟಾದ ಅಂಚಿನ ಮೇಲೂ ಬಿತ್ತು. ಕೆಳಗಿಳಿದು ಬೀದಿಗೆ ಬಂದಾಗ ಕತ್ತಲಾಗಿತ್ತು. ಅವಳು ದುಪಟ್ಟಾ ಕೊಡವಿಕೊಂಡಳು. ಆಚೆ ಗಟಾರದ ಬದಿಗೆ ಚಾಚಾ ಘಮೇಲಾ ಇಟ್ಟುಕೊಂಡು ಕೂತಿದ್ದ. "ಅಲ್ಲೇ ಇನ್ನೊಮ್ಮೆ ಕೊಡವು ಬೇಟಿ" ಅಂದ.