ಅಂಕಲ್ ಕೇಳಿದ ಪ್ರಶ್ನೆ

ಈ ವಾರವೆಲ್ಲ ತಲೇಲಿ ಒಂದೇ ಮಾತು ಸುತ್ತುತಾ ಇದೆ. ಶನಿವಾರ ಫ್ರೀಮಾಂಟ್‌ನಲ್ಲಿ ಫ್ರೆಂಡ್ ಮನೇಲಿ ಎಲ್ಲ ಸೇರಿದ್ವಿ, ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕಲ್ಲಿರೋ ಮೌಂಟ್ ಡೇನಾ ಬೆಟ್ಟ ಹತ್ತೋ ಪ್ಲಾನ್ ಮಾಡಕ್ಕೆ. ಟಯೋಗಾ ಪಾಸಿಂದ ಡೇನಾ ಹತ್ತಿ, ಅಲ್ಲಿಂದ ದಕ್ಷಿಣಕ್ಕೆ ಏಣು, ಅಂದ್ರೆ ಬೆಟ್ಟದ ಬೆನ್ನು, ಹಿಡಿದು ಮೌಂಟ್ ಗಿಬ್ಸ್‌ವರೆಗೂ ಹೋಗೋದು. ಡೇನಾಗೆ ಜನ ಓಡಾಡಿ ಆಗಿರೋ ಕಾಲುದಾರಿ ಇದೆ, ಅಲ್ಲಿಂದಾಚೆ ಬರೀ ಕಲ್ಲುರಾಶಿ, ದಾರಿ ನಾವೇ ನೋಡ್ಕೋಬೇಕು.

ನಮ್ ಲೀಡರ್ ಮ್ಯಾಪ್ ಮೇಲೆ ಒಂದು ಗೆರೆ ಎಳೆದು "ಆಯ್ತು ನೋಡ್ರಪ್ಪ" ಅಂದ. ಹುಡುಗ ಒಳ್ಳೇನೇ, ಯಾರಿಗೆ ಸುಸ್ತಾದ್ರೂ ಅವರ ಬ್ಯಾಗ್ ತಾನೇ ಹೊರ್ತಾನೆ, ಆದ್ರೆ ಕೂತು ಯೋಚನೆ ಮಾಡೋ ತಾಳ್ಮೆ ಇಲ್ಲ. ಫ್ರೆಂಡ್‌ನ ಮಾವ ಊರಿಂದ ಬಂದಿದಾರೆ, ಸರ್ವೆ ಕೆಲಸ ಮಾಡಿ ರಿಟೈರ್ ಆದೋರು. ಕನ್ನಡಕ ಹಾಕ್ಕೊಂಡು ಲ್ಯಾಪ್‌ಟಾಪ್ ಹತ್ರ ಬಗ್ಗಿ, ಏಣಿನ ಮಧ್ಯ ಬೆರಳಿಟ್ಟು ಕೇಳಿದ್ರು.

"ಇಲ್ಲಿ ಗುಡುಗು ಶುರುವಾಯ್ತು ಅಂತಿಟ್ಕೋ, ಯಾವ ಕಡೆ ಇಳೀತೀಯಪ್ಪ?"

"ಬಿಡ್ತು ಅನ್ನಿ ಅಂಕಲ್, ಹೊರಡೋಕ್ ಮುಂಚೆನೇ ಅಪಶಕುನ ಯಾಕೆ!"

ಎಲ್ಲರೂ ನಕ್ರು. ಅಂಕಲ್ ನಗಲಿಲ್ಲ. ಬೆರಳು ಸ್ವಲ್ಪ ಮುಂದಕ್ಕೆ ಸರಿಸಿ, "ಸರಿ, ಇಲ್ಲಿ?" ಅಂದ್ರು.

ಆ "ಸರಿ, ಇಲ್ಲಿ?" ಅನ್ನೋದೇ ನನ್ನ ಬಿಡ್ತಾ ಇಲ್ಲ. ಅಲ್ಲಿ ಜುಲೈ ಆಗಸ್ಟ್‌ನಲ್ಲಿ ಮಧ್ಯಾಹ್ನ ಆಗ್ತಿದ್ದಂಗೆ ಮೋಡ ಕಟ್ಟೋದು ಮಾಮೂಲು, ಡೇನಾ 13,000 ಅಡಿ ದಾಟಿದ ಬೆಟ್ಟ, ಮರಗಳೆಲ್ಲ ಎಷ್ಟೋ ಕೆಳಗೇ ಮುಗಿದಿರ್ತವೆ, ಸಿಡಿಲು ಬಂದ್ರೆ ಏಣಿನ ಮೇಲೆ ಎದ್ದು ಕಾಣೋರು ನಾವೇ. ಡೇನಾದ ಉತ್ತರಕ್ಕೆ ಕಡಿದಾದ ಬಂಡೆ, ಹಿಮನದಿ. ಪೂರ್ವಕ್ಕೆ ಮೋನೋ ಲೇಕ್ ಎಷ್ಟು ಚೆನ್ನಾಗಿ ಕಂಡ್ರೂ ಆ ಕಡೆ ಇಳಿಜಾರು ಪ್ರಪಾತದ ಥರ. ಡೇನಾ ಗಿಬ್ಸ್ ಮಧ್ಯದ ತಗ್ಗಿಂದ ಪಶ್ಚಿಮಕ್ಕೆ ಇಳಿದ್ರೆ ಡೇನಾ ಮೆಡೋಸ್ ಹುಲ್ಲುಗಾವಲಿನ ಕಡೆ ಬರ್ಬಹುದು, ಅದನ್ನ ಬಿಟ್ರೆ ಬೇರೆ ಒಳ್ಳೆ ದಾರಿ ನನಗಂತೂ ಕಾಣ್ಲಿಲ್ಲ. ಮ್ಯಾಪನ್ನೂ ಪೂರ್ತಿ ನಂಬಕ್ಕಾಗಲ್ಲ, ಎತ್ತರ ತೋರಿಸೋ ಗೆರೆ 40 ಅಡಿಗೊಂದು ಇದ್ರೆ 30 ಅಡಿ ಬಂಡೆ ಆ ಎರಡು ಗೆರೆ ಮಧ್ಯ ಕಾಣದೇ ಹೋಗ್ಬಹುದು, ಇದನ್ನ ಅಂಕಲ್ಲೇ ಹೇಳಿದ್ದು. ಟೈಮ್ ಲೆಕ್ಕಾನೂ ಅಷ್ಟೇ. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಹೇಳಿದ್ದು ಮೂರು ಮೈಲಿಗೆ ಒಂದು ಗಂಟೆ, 2,000 ಅಡಿ ಏರಿಗೆ ಇನ್ನೊಂದು ಗಂಟೆ ಅಂತ, ಆದ್ರೆ ಕಾಲಿಟ್ರೆ ಅಲ್ಲಾಡೋ ಕಲ್ಲಿನ ಮೇಲೆ, ಉಸಿರು ಸಿಗದ ಎತ್ತರದಲ್ಲಿ ಆ ಲೆಕ್ಕ ನಡೆಯಲ್ಲ.

ನಮ್ಮಲ್ಲಿ ವಾಪಸ್ ಬರೋ ಮಾತೆತ್ತಿದೋನೇ ಹೇಡಿ. ಟ್ರೆಕ್ಕಿಂಗ್ ಒಂದೇ ಅಲ್ಲ, ಹೊಸ ಬಿಸಿನೆಸ್ಸು, ಮನೆ ಸಾಲ, ಯಾವುದಕ್ಕಾದ್ರೂ "ಆಗ್ಲಿಲ್ಲ ಅಂದ್ರೆ?" ಅಂತ ಕೇಳಿ ನೋಡಿ, ಬಾಯಿ ಮುಚ್ಚಿಸ್ತಾರೆ. ಹಾಗೆ ಕೇಳೋರಿಗೇ ನಮ್ಮ ಮೇಲೆ ಜಾಸ್ತಿ ಕಾಳಜಿ ಇರೋದು ಅಂತ ನನಗನ್ಸುತ್ತೆ. ಅಂಕಲ್‌ಗೆ ಡೇನಾ ಗೊತ್ತಿಲ್ಲ, ಅವರು ಹತ್ತೋದೂ ಇಲ್ಲ, ಆದ್ರೂ ಅಲ್ಲಿದ್ದವರಲ್ಲಿ ನಾವೆಲ್ಲ ಮನೆಗೆ ವಾಪಸ್ ಬರೋದನ್ನ ಯೋಚನೆ ಮಾಡಿದ್ದು ಅವರೊಬ್ಬರೇ.

ನಿನ್ನೆ ಗ್ರೂಪಲ್ಲಿ ಹಾಕಿದೀನಿ: ಬೆಳಕು ಹರಿಯೋ ಹೊತ್ತಿಗೆ ಹೊರಡೋದು, ಹನ್ನೊಂದಕ್ಕೆ ತಗ್ಗಿನ ಹತ್ರ ಇಲ್ಲ ಅಂದ್ರೆ ಗಿಬ್ಸ್ ಬಿಟ್ಟು ಪಶ್ಚಿಮಕ್ಕೆ ಇಳಿಯೋದು. ಲೀಡರ್ ಓಕೆ ಅಂದಿದಾನೆ. ಇನ್ನೊಬ್ಬ "ಅಷ್ಟು ಭಯ ಇದ್ರೆ ಮನೇಲೇ ಇರಿ" ಅಂತ ಬರೆದಿದಾನೆ. ಅವನು ಬರೋದಾದ್ರೆ ನಾನು ಬರಲ್ಲ ಅಂತ ಹೇಳ್ಬಿಟ್ಟೆ.