ಒಬ್ರೇನಾ? ಬೇಜಾರಾಗಲ್ವಾ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳುವುದು ಇವತ್ತಿಗೆ ಸಾಕು. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಓದದಿದ್ದರೂ ಪರವಾಗಿಲ್ಲ, ಮತ್ತೆ ಕೇಳದಿದ್ದರೆ ಆಯ್ತು.

2017ರ ಮೇ ತಿಂಗಳಲ್ಲಿ ಹೊರಟು 14 ತಿಂಗಳು ಪ್ರಪಂಚ ಸುತ್ತಿದೆ, ಒಬ್ಬನೇ. ವಾಪಸ್ ಬಂದಾಗಿನಿಂದ ಜನ ಈ 14 ತಿಂಗಳನ್ನು ಎರಡೇ ಮಾತಲ್ಲಿ ವಿಚಾರಿಸಿ ಮುಗಿಸುತ್ತಾರೆ. ಮೊದಲು 'ಒಬ್ರೇನಾ?' ಆ 'ನಾ' ಇದೆಯಲ್ಲ, ಅದನ್ನು ಎಷ್ಟು ಉದ್ದ ಎಳೆಯುತ್ತಾರೆ ಅಂದರೆ, ಜೊತೆಗಿದ್ದವರನ್ನು ಎಲ್ಲೋ ಮರೆತು ಬಂದೆನೇನೋ ಅಂತ ನನಗೇ ಅನುಮಾನ ಬರುತ್ತದೆ. ಆಮೇಲೆ 'ಬೇಜಾರಾಗಲ್ವಾ?' ಗಮನಿಸಿ, 'ಬೇಜಾರಾಯ್ತಾ' ಅಂತ ಅಲ್ಲ. ಉತ್ತರವನ್ನು ಅವರೇ ಬರೆದು ತಂದಿರುತ್ತಾರೆ, ನಾನು ಸಹಿ ಹಾಕಬೇಕು, ಅಷ್ಟೇ.

ಇದನ್ನು ಬರೆಯುವ ಹಾಗೆ ಮಾಡಿದವರು ಹಲ್ಲಿನ ಡಾಕ್ಟರು. ನನ್ನ ಬಾಯಲ್ಲಿ ಒಂದು ಪುಟ್ಟ ಕನ್ನಡಿ, ಎಂಜಲು ಎಳೆಯುವ ಪೈಪು, ಎರಡು ಹತ್ತಿಯುಂಡೆ, ಜೊತೆಗೆ ಅವರ ಎರಡು ಬೆರಳು. ಆ ಹೊತ್ತು ನೋಡಿಕೊಂಡು ಕೇಳಿದರು: 'ಒಬ್ರೇ ಹೋಗಿದ್ರಂತೆ? ಬೇಜಾರಾಗಲಿಲ್ವಾ?' ನಾನು 'ಆಂ' ಅಂದೆ. ನೋಯ್ತಿದೆ ಅಂತ ಅದರ ಅರ್ಥ. ಅವರು ಸಹಾಯಕಿಯ ಕಡೆ ತಿರುಗಿ 'ಆಗದೇ ಇರುತ್ತಾ, ಪಾಪ' ಅಂದರು. ಇಬ್ಬರೂ ಸೇರಿ ನನ್ನನ್ನು ಕನಿಕರದಿಂದ ನೋಡಿದರು. ಮರಗಟ್ಟಿದ ತುಟಿ ಇಟ್ಟುಕೊಂಡು ವಾದ ಮಾಡೋದಕ್ಕೆ ಆಗುತ್ತಾ? ಜೊಲ್ಲು ಒರೆಸಿಕೊಳ್ಳುತ್ತಾ ಮನೆಗೆ ಬಂದೆ. ರಾತ್ರಿಯೆಲ್ಲ ಒಂದರ ಮೇಲೊಂದು ಒಳ್ಳೊಳ್ಳೆ ಉತ್ತರ ಹೊಳೆಯುತ್ತಿತ್ತು.

ಮೊದಲು ಒಂದು ವಿಷಯ ಇತ್ಯರ್ಥ ಆಗಲಿ. ಯಾವ ಬೇಜಾರು? ಹೊತ್ತು ಹೋಗದಿದ್ದರೂ ನಮಗೆ ಬೇಜಾರು, ದುಃಖವಾದರೂ ಬೇಜಾರು, ಯಾರೋ ಒಂದು ಮಾತು ಅಂದರೂ ಬೇಜಾರು, ಏಳುವುದಕ್ಕೆ ಮನಸ್ಸಿಲ್ಲದಿದ್ದರೂ ಬೇಜಾರು. ಕೇಳುವವರು ಯಾವುದು ಅಂತ ಹೇಳುವುದಿಲ್ಲ.

ಹೊತ್ತು ಹೋಗದ ಬೇಜಾರಾದರೆ, ಹೌದು, ಮೂಟೆಗಟ್ಟಲೆ. ತಿಂಗಳುಗಟ್ಟಲೆ ತಿರುಗುವುದು ರಜೆ ಅಲ್ಲ, ಅದೂ ಒಂದು ಸಂಸಾರ. ಬಟ್ಟೆ ಒಗೆಯಬೇಕು. ಉಗುರು ಕತ್ತರಿಸಬೇಕು. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಇದ್ದರೆ, 180 ದಿನದಲ್ಲಿ 90 ದಿನ ಮಾತ್ರ ಇರಬಹುದು ಅನ್ನುವ ಲೆಕ್ಕವನ್ನು ಬೆರಳು ಮಡಚಿ ಎಣಿಸುತ್ತಿರಬೇಕು. ಒಳಗೆ ಬಂದ ದಿನ, ಹೊರಗೆ ಹೋದ ದಿನ ಎರಡೂ ಅದರಲ್ಲಿ ಸೇರುತ್ತವೆ. ವಿಮಾನ ಹತ್ತುವ ಮೊದಲು ಕೌಂಟರಿನಲ್ಲಿ 'ಆ ದೇಶದಿಂದ ಹೊರಗೆ ಹೋಗುವ ಟಿಕೆಟ್ ಎಲ್ಲಿ?' ಅನ್ನುತ್ತಾರೆ. ಅಲ್ಲಿ ನನ್ನನ್ನು ಒಳಗೆ ಬಿಡದಿದ್ದರೆ ವಾಪಸ್ ಹೊತ್ತು ತರುವ ಕರ್ಮ ಅವರದು, ಅದಕ್ಕೆ. ಕ್ಯೂನಲ್ಲಿ ನಿಂತೇ ಫೋನಿನಲ್ಲಿ ಬೇಡದ ಟಿಕೆಟ್ ಒಂದನ್ನು ಕೊಳ್ಳಬೇಕು. ಮಾಸ್ಕೋದಿಂದ ವ್ಲಾಡಿವಾಸ್ಟಾಕ್‌ಗೆ ರೈಲು ದಾರಿ 9,288 ಕಿಲೋಮೀಟರ್. ನಿಲ್ಲದೆ ಹೋದರೆ ಒಂದು ವಾರ. ಕಿಟಕಿಯಾಚೆ ಬರ್ಚ್ ಮರ, ಮಲಗಿ ಎದ್ದರೆ ಮತ್ತೆ ಬರ್ಚ್ ಮರ. ಆಗ ಅಲ್ಲಿನ ರೈಲು ಓಡುತ್ತಿದ್ದದ್ದು ಪೂರ್ತಿ ಮಾಸ್ಕೋ ಟೈಮಿನಲ್ಲಿ (ಆ ಪದ್ಧತಿ ನಿಂತದ್ದು 2018ರಲ್ಲಿ). ಹೊರಗೆ ಕತ್ತಲು, ಟೈಮ್‌ಟೇಬಲ್‌ನಲ್ಲಿ ಮಧ್ಯಾಹ್ನ, ಹೊಟ್ಟೆಗೆ ಮಾತ್ರ ಯಾವ ಹೊತ್ತೂ ಹೊಂದುತ್ತಿರಲಿಲ್ಲ.

ದುಃಖದ ಬೇಜಾರು? ಅದಕ್ಕೂ ಹೇಳುತ್ತೇನೆ. ನನ್ನ ಹುಟ್ಟುಹಬ್ಬದ ದಿನ ಸಂಜೆ ಆಕ್ಲೆಂಡ್‌ನಲ್ಲಿ ವಿಮಾನ ಹತ್ತಿದೆ. ಮಧ್ಯೆ ತಾರೀಖನ್ನು ಒಂದು ದಿನ ಹಿಂದಕ್ಕೆ ತಳ್ಳುವ ದಿನರೇಖೆ ದಾಟುತ್ತದೆ ನೋಡಿ, ಚಿಲಿಯ ಸಾಂಟಿಯಾಗೊದಲ್ಲಿ ಇಳಿದಾಗ ಅದೇ ದಿನದ ಮಧ್ಯಾಹ್ನ. ಒಂದೇ ಹುಟ್ಟುಹಬ್ಬ ಎರಡು ಸಲ ಬಂತು, ಎರಡು ಸಲವೂ ಕೇಳುವವರಿಲ್ಲ. ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟ್ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪಾಸ್‌ಪೋರ್ಟ್ ನೋಡಿ 'ಫೆಲೀಸ್ ಕುಂಪ್ಲೆಆನ್ಯೋಸ್' ಅಂದರು. ನನಗೆ ಬರುತ್ತಿದ್ದ ಹತ್ತು ಸ್ಪ್ಯಾನಿಷ್ ಪದಗಳಲ್ಲಿ ಇದಿರಲಿಲ್ಲ. ಏನೋ ತಕರಾರು ಅಂದುಕೊಂಡು ಹೊರಗೆ ಹೋಗುವ ಟಿಕೆಟ್ ತೆಗೆದು ತೋರಿಸಿದೆ. ಅವರು ಜನ್ಮದಿನಾಂಕದ ಮೇಲೆ ಬೆರಳಿಟ್ಟು, ಇಲ್ಲದ ಮೇಣದಬತ್ತಿಯನ್ನು ಉಫ್ ಅಂತ ಊದಿದರು. ಲಗೇಜ್ ಬರುವ ಬೆಲ್ಟ್ ಹತ್ತಿರ ನಿಂತು ಸ್ವಲ್ಪ ಹೊತ್ತು ಅತ್ತೆ. ಹೌದು, ಅತ್ತೆ, ಏನೀಗ? ಪ್ರಪಂಚ ಸುತ್ತಿ ಹೆಸರಾದ ಮೊರಾಕೊದ ಇಬ್ನ್ ಬತೂತನೂ ಅತ್ತಿದ್ದ. 1325ರಲ್ಲಿ, 21ರ ವಯಸ್ಸಿಗೆ, ಟ್ಯಾಂಜಿಯರ್‌ನಿಂದ ಒಬ್ಬನೇ ಹೊರಟವನು ಅವನು. ಟ್ಯೂನಿಸ್ ಮುಟ್ಟಿದಾಗ ಊರಿನವರು ಬಂದು, ದಾರಿಯಲ್ಲಿ ಅವನು ಸೇರಿಕೊಂಡ ತಂಡದ ಉಳಿದವರನ್ನೆಲ್ಲ ಮಾತಾಡಿಸಿದರು, ಇವನ ಗುರುತು ಯಾರಿಗೂ ಇಲ್ಲ. ಕಣ್ಣೀರು ತಡೆಯಲಾಗಲಿಲ್ಲ. ಯಾತ್ರಿಕನೊಬ್ಬ ಕಂಡು ಬಂದು ಮಾತಾಡಿಸಿದ. ಇದನ್ನು ಅವನೇ ಹೇಳಿ ಬರೆಸಿದ್ದಾನೆ. ಅಷ್ಟಾದ ಮೇಲೂ ಇಪ್ಪತ್ತು ವರ್ಷಕ್ಕೂ ಜಾಸ್ತಿ ತಿರುಗಿದ.

ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ಬೇರೆ. ಎಲ್ಲದಕ್ಕೂ ನನ್ನ ತಲೆಯೊಂದೇ ಗತಿ. ಈ ಟ್ಯಾಕ್ಸಿ ಹತ್ತಬಹುದಾ, ಈ ನೀರು ಕುಡಿಯಬಹುದಾ, ಈ ಮನುಷ್ಯ ಸುಮ್ನೆ ನಗ್ತಿದಾನಾ? 'ಏನಂತೀಯ?' ಅಂತ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಐದನೇ ತಿಂಗಳ ಹೊತ್ತಿಗೆ ಮೆನು ಕಾರ್ಡ್ ಕಂಡರೆ ಎದೆ ಡವಡವ ಅನ್ನುತ್ತಿತ್ತು.

ಬೊಲಿವಿಯಾದ ಲಾ ಪಾಜ್ ಊರು ಸುಮಾರು 3,600 ಮೀಟರ್ ಎತ್ತರದಲ್ಲಿದೆ. ವಿಮಾನ ಇಳಿಯುವ ಎಲ್ ಆಲ್ಟೊ 4,000 ಮೀಟರನ್ನೂ ದಾಟುತ್ತದೆ. 600 ಮೀಟರೂ ಇಲ್ಲದ ಸಾಂಟಿಯಾಗೊದಿಂದ ಸೀದಾ ಅಲ್ಲಿಗೆ ಹಾರಿದೆ. ಬುದ್ಧಿ ಇದ್ದವರು ಮಾಡುವ ಕೆಲಸ ಅಲ್ಲ. ಎರಡನೇ ರಾತ್ರಿ ತಲೆ ಸೀಳಿಹೋಗುವ ಹಾಗೆ ನೋವು, ವಾಂತಿ. ಅಷ್ಟು ಎತ್ತರದಲ್ಲಿ ಅದು ಮಾಮೂಲು. ಹೆದರಬೇಕಾದ್ದು ಮಂಕು ಕವಿದಾಗ, ನಡಿಗೆ ತೂರಾಡಿದಾಗ. ಮಿದುಳು ಊದಿಕೊಳ್ಳುತ್ತಿದೆ ಅಂತ ಅರ್ಥ, ತಕ್ಷಣ ಕೆಳಗಿಳಿಯಬೇಕು. ಈಗ ಹೇಳಿ, ಮಂಕು ಕವಿದಿದೆಯಾ ಇಲ್ಲವಾ ಅಂತ ಮಂಕು ಕವಿದವನೇ ಹೇಗೆ ನೋಡಿಕೊಳ್ಳಬೇಕು?

ರಾತ್ರಿ ಎರಡು ಗಂಟೆಗೆ ಹಾಸ್ಟೆಲಿನ ಕಾರಿಡಾರಿಗೆ ಬಂದು, ಟೈಲ್ಸಿನ ಗೆರೆ ಹಿಡಿದು, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸಿ ನಡೆಯತೊಡಗಿದೆ. ಬಾಯಲ್ಲಿ ನೂರರಿಂದ ಏಳೇಳು ಕಳೆಯುವ ಲೆಕ್ಕ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ಅಲ್ಲಿಗೆ ನಿಂತಿತು. ಆದರೆ ಲೆಕ್ಕದಲ್ಲಿ ನಾನು ಸ್ಕೂಲಿನಲ್ಲೂ ಅಲ್ಲಿಗೇ ನಿಲ್ಲುತ್ತಿದ್ದೆ. ರಾತ್ರಿ ಪಾಳಿಯ ಹೆಂಗಸು ಎದ್ದು ಬಂದರು. ಸಾಕ್ಸ್ ಹಾಕಿಕೊಂಡು ಗೊಣಗುತ್ತಾ ಗೆರೆಯ ಮೇಲೆ ನಡೆಯುವವನನ್ನು ನೋಡಿ ಏನೂ ಕೇಳಲಿಲ್ಲ. ತಾವೂ ಪಕ್ಕದ ಗೆರೆ ಹಿಡಿದು ಹಾಗೇ ನಡೆದರು. ಆರನೇ ಹೆಜ್ಜೆಗೆ ವಾಲಿ ಗೋಡೆ ಹಿಡಿದುಕೊಂಡದ್ದು ಅವರು. ಕೋಕಾ ಎಲೆಯ ಟೀ ತಂದುಕೊಟ್ಟು, ಬೆಳಗಾಗುವವರೆಗೆ ಎದುರಿನ ಕುರ್ಚಿಯಲ್ಲಿ ಕೂತು ಆಗಾಗ ನನ್ನ ಮುಖ ನೋಡುತ್ತಿದ್ದರು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಮೋಸ. ಸೈಬೀರಿಯಾದ ಬೈಕಲ್ ಸರೋವರದ ದಡದಲ್ಲಿ ಎರಡು ದಿನ ಅಂತ ಹೋದವನು ಒಂಬತ್ತು ದಿನ ಉಳಿದೆ. ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅದು 1,642 ಮೀಟರ್ ಆಳ, ಪ್ರಪಂಚದಲ್ಲೇ ಅಷ್ಟು ಆಳದ ಸರೋವರ ಇನ್ನೊಂದಿಲ್ಲ. ನಾನು ಮೊಣಕಾಲಿನವರೆಗೆ ಇಳಿದು ಕಿರುಚಿ ವಾಪಸ್ ಬಂದೆ, ಅಷ್ಟು ತಣ್ಣಗಿತ್ತು.

ಸರಿ, ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಟಾಯ್ಲೆಟ್‌ಗೆ ಹೋಗುವಾಗ ಬ್ಯಾಗ್ ಯಾರ ಹತ್ತಿರ ಬಿಟ್ಟು ಹೋಗ್ತಿದ್ರಿ?

ನಗಬೇಡಿ. 14 ತಿಂಗಳು, ದಿನಕ್ಕೆ ಕೆಲವು ಸಲ. ವಿಮಾನ ನಿಲ್ದಾಣದಲ್ಲಿ ಬೇರೆಯವರ ಕೈಗೆ ಕೊಡುವ ಹಾಗಿಲ್ಲ, ಹನ್ನೆರಡು ಕೆಜಿ ಬೆನ್ನಿಗೆ ಕಟ್ಟಿಕೊಂಡೇ ಒಳಗೆ ನುಗ್ಗಬೇಕು, ಬಾಗಿಲು ಹಾಕಿಕೊಳ್ಳಲು ಜಾಗ ಇರುವುದಿಲ್ಲ. ಬಸ್ಸು, ರೈಲಿನಲ್ಲಿ ಮನುಷ್ಯರನ್ನು ಆರಿಸಬೇಕು. ನನ್ನ ಸೂತ್ರ ಇದು: ನನಗಿಂತ ಜಾಸ್ತಿ ಲಗೇಜ್ ಇರುವವರನ್ನು ಹಿಡಿ, ಅವರು ಓಡಿಹೋಗಲಾರರು. ಸೈಬೀರಿಯಾದ ರೈಲಿನಲ್ಲಿ ನಾನಿದ್ದದ್ದು ಬಾಗಿಲಿಲ್ಲದ 54 ಬರ್ತ್‌ಗಳ ಬೋಗಿ. ಕೆಳಗಿನ ಬರ್ತ್ ಎತ್ತಿದರೆ ಅದರಡಿ ಪೆಟ್ಟಿಗೆ. ನನ್ನದು ಮೇಲಿನ ಬರ್ತ್, ಕೆಳಗೆ ಒಬ್ಬ ಅಜ್ಜಿ. ಅವರು ಎದ್ದು, ಸೀಟು ಎತ್ತಿ, ನನ್ನ ಬ್ಯಾಗನ್ನು ತಮ್ಮ ಚೀಲಗಳ ಪಕ್ಕ ತಳ್ಳಿ, ಮೇಲೆ ಮಲಗಿಬಿಟ್ಟರು. ಎರಡು ದಿನ ನನ್ನ ಆಸ್ತಿಯೆಲ್ಲ ಅವರ ಬೆನ್ನಿನ ಕೆಳಗಿತ್ತು. ಟೀ ಜೊತೆ ತಿನ್ನಲು ಸುಷ್ಕಿ ಕೊಟ್ಟರು. ಬಳೆಯಾಕಾರದ, ಕಲ್ಲಿನಷ್ಟು ಗಟ್ಟಿ ಬ್ರೆಡ್ಡು. ಅದ್ದಿಕೊಂಡು ತಿನ್ನಬೇಕಿತ್ತು. ಮರ್ಯಾದೆಗೆ ಹಾಗೇ ಕಚ್ಚಿದೆ. ಡಾಕ್ಟರ ಹತ್ತಿರ ಹೋದದ್ದು ಆ ಹಲ್ಲಿಗೇ.

ಬೊಲಿವಿಯಾದ ಉಯುನಿ ಊರಿನಲ್ಲಿ ಒಂದು ಬೆಳಿಗ್ಗೆ ಇದು ತಿರುಗುಮುರುಗಾಯಿತು. ಪೊಟೊಸಿಗೆ ಬಸ್ ಕಾಯುತ್ತಿದ್ದೆ. ಒಬ್ಬಾಕೆ ಬಂದು, ಬಣ್ಣದ ಪಟ್ಟೆಯ ದೊಡ್ಡ ಗಂಟನ್ನು ನನ್ನ ಕಾಲ ಹತ್ತಿರ ಇಟ್ಟು, ಏನೋ ಹೇಳಿ ಹೋದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನನ್ನ ಬಸ್ ಹಾರ್ನ್ ಹೊಡೆಯಿತು. ಗಂಟನ್ನು ಇನ್ನೊಬ್ಬರಿಗೆ ಒಪ್ಪಿಸೋಣ ಅಂದರೆ ಅಲ್ಲಿ ಯಾರ ಹತ್ತಿರವೂ ನನಗಿಂತ ಜಾಸ್ತಿ ಲಗೇಜ್ ಇರಲಿಲ್ಲ. ಬಸ್ ಹೋಯಿತು. ಅರ್ಧ ಗಂಟೆ ಬಿಟ್ಟು ಅವರು ಬಂದರು, ತಲೆಯಾಡಿಸಿ ಗಂಟು ಬೆನ್ನಿಗೇರಿಸಿಕೊಂಡು ಹೊರಟರು. ನನ್ನ ಬಸ್ ತಪ್ಪಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಮುಂದಿನ ಬಸ್ ಸಂಜೆಗಿತ್ತು. ಡಾಕ್ಟರೇ, ಅವತ್ತು ಸಂಜೆಯವರೆಗೆ ಬೇಜಾರಾಯ್ತು. ನೀವು ಯಾವ ಬೇಜಾರು ಕೇಳಿದ್ರೋ, ಎಲ್ಲವೂ.